ಮೂರು ಅಮಾವಾಸ್ಯೆಯ ಹಲ್ಲು

ನನ್ನ ಮುಂದಿನ ಹಲ್ಲಿಗೆ ಪೆಟ್ಟು ಬಿದ್ದದ್ದು ಕಿತ್ತೂರಿನ ಒಂದು ಮದುವೆಯ ವರಾತದಲ್ಲಿ, ಮದುಮಗನ ಮೆರವಣಿಗೆ ನಡೆದಾಗ. ಪೆಟ್ಟು ಕೊಟ್ಟವನು ಮದುಮಗನ ಗೆಳೆಯ, ಕೊಟ್ಟದ್ದು ಮೊಣಕೈಯಿಂದ. ಪಾಪ, ಅವನನ್ನು ಬೈಯುವಂತಿಲ್ಲ. ನಾನು ಊದುತ್ತಿದ್ದ ಹಾಡಿಗೇ ಅವನು ಮೈಮರೆತು ಕುಣಿಯುತ್ತಿದ್ದ. ಅಂದರೆ ನಾನೇ ಅವನನ್ನು ಕುಣಿಸಿ ಹಲ್ಲು ಕೆಡಿಸಿಕೊಂಡ ಹಾಗಾಯಿತು. ಮೊಣಕೈ ಕ್ಲಾರ್ನೆಟ್ಟಿಗೆ ಬಡಿಯಿತು, ಕ್ಲಾರ್ನೆಟ್ಟು ನನ್ನ ಮೇಲಿನ ಹಲ್ಲಿಗೆ ಬಡಿಯಿತು, ಹಗಲಲ್ಲೇ ಚುಕ್ಕಿ ಕಂಡವು. ಆದರೂ ಹಾಡು ನಿಲ್ಲಿಸಲಿಲ್ಲ. ವರಾತದ ನಡುವೆ ಬ್ಯಾಂಡು ನಿಂತರೆ ಬೀಗರು ಅದನ್ನೇ ಹಿಡಿದು ಜಗಳ ತೆಗೆಯುತ್ತಾರೆ.

ನಾನು ಬೈಲಹೊಂಗಲದ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುವವನು. ಮದುವೆ, ಗಣಪತಿ, ಅಂಗಡಿ ಪೂಜೆ, ಶವಯಾತ್ರೆ, ಎಲ್ಲಕ್ಕೂ ಅದೇ ಕೆಂಪು ಕೋಟು, ಅದೇ ವಾದ್ಯ. ಹಾಡು ಮಾತ್ರ ಬೇರೆ. ಓದುವವರಿಗೆ ಒಂದು ಹಲ್ಲಿನ ಬಗ್ಗೆ ಇಷ್ಟೊಂದು ರಾಮಾಯಣ ಯಾಕೆ ಎನಿಸಬಹುದು. ಕ್ಲಾರ್ನೆಟ್ ಊದುವವನ ಮೇಲಿನ ಎರಡು ಹಲ್ಲು ಮನೆಯ ತೊಲೆ ಇದ್ದಂತೆ. ವಾದ್ಯ ಕೂರುವುದು ಕೆಳಗಿನ ತುಟಿ ಮತ್ತು ಆ ಎರಡು ಹಲ್ಲುಗಳ ನಡುವೆ. ಒಂದು ಹೋದರೂ ಹಿಡಿತ ತಪ್ಪುತ್ತದೆ, ಸ್ವರ ಸೀಳುತ್ತದೆ. ನಮ್ಮ ಕಂಪನಿಯಲ್ಲೇ ಹಾಗೆ ಹಲ್ಲು ಕಳೆದುಕೊಂಡ ಹಿರಿಯರೊಬ್ಬರಿದ್ದಾರೆ. ಒಂದು ಕಾಲಕ್ಕೆ ಎಲ್ಲರ ಮುಂದೆ ನಿಂತು ಊದುತ್ತಿದ್ದವರು, ಈಗ ಹಿಂದಿನ ಸಾಲಿನಲ್ಲಿ ಝಾಂಜ್, ಅಂದರೆ ದೊಡ್ಡ ಕಂಚಿನ ತಾಳ, ಬಡಿಯುತ್ತಾರೆ. ಝಾಂಜಿಗೆ ಹಲ್ಲು ಬೇಕಿಲ್ಲ. ಅವರು ನಗುನಗುತ್ತಲೇ ಬಡಿಯುತ್ತಾರೆ, ಆದರೆ ಅವರ ಕಡೆ ನೋಡಿದಾಗಲೆಲ್ಲ ನಾನು ನಾಲಿಗೆಯಿಂದ ನನ್ನ ಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಭಯವಾಗುತ್ತಿತ್ತು.

ಪೆಟ್ಟು ಬಿದ್ದ ಹಲ್ಲು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪಗಾಯಿತು. ದೀಪಾವಳಿಯ ಹೊತ್ತಿಗೆ ಒಸಡು ಊದಿಕೊಂಡಿತು. ಊದುವುದು ನನ್ನ ಕಸುಬು, ಅದು ಯಾಕೆ ಊದಬೇಕಾಗಿತ್ತೋ. ಊರಿನವರೆಲ್ಲ ಡಾಕ್ಟರುಗಳಾದರು. ಒಬ್ಬರು ಲವಂಗ ಅಂದರು, ಒಬ್ಬರು ಉಪ್ಪುನೀರು ಅಂದರು, ಡ್ರಮ್ ಬಾರಿಸುವವನು ತನ್ನ ತಂಬಾಕಿನ ಚೀಟಿಯನ್ನೇ ಮುಂದೆ ಹಿಡಿದ. ನನ್ನ ಹೆಂಡತಿ ಸರ್ಕಾರಿ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಮಾತಿಗೆ ಖಾರ ತುಸು ಹೆಚ್ಚು.

"ಊರ ಮಂದಿ ಹೇಳಿದ್ದನ್ನೆಲ್ಲಾ ಬಾಯಾಗ ಹಾಕ್ಕೊಳ್ರಿ," ಅಂದಳು. "ಹಲ್ಲಿಗಿಂತ ಮದ್ಲ ಹೊಟ್ಟಿ ಕೆಡತೈತಿ."

ಮೊದಲು ಹೋದದ್ದು ಖಾಸಗಿ ಡಾಕ್ಟರ ಬಳಿ. ಅವರು ಗೌರವದಿಂದ ಕೂರಿಸಿ, ತಣ್ಣನೆಯ ಗಾಳಿ ಬಿಟ್ಟು, ಹಲ್ಲು ಉಳಿಯುತ್ತದೆ, ರೂಟ್ ಕೆನಾಲ್ ಮಾಡಿ ಮೇಲೊಂದು ಟೋಪಿ ಹಾಕಬೇಕು ಅಂದರು. ಅವರು ಹೇಳಿದ ರೇಟಿನಲ್ಲಿ ನಮ್ಮ ಕಂಪನಿಗೆ ಹೊಸ ಡ್ರಮ್ ಸೆಟ್ಟು ಬರುತ್ತಿತ್ತು. ಟೋಪಿ ಹಲ್ಲಿಗೋ ನನಗೋ ಎಂದು ಯೋಚಿಸುತ್ತ ಮೆಟ್ಟಿಲಿಳಿದು ಬಂದೆ.

ಉಳಿದದ್ದು ಸರ್ಕಾರಿ ದವಾಖಾನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಕಡೆ ನಮ್ಮ ಬ್ಯಾಂಡು ತಿರುಗದ ಓಣಿ ಇಲ್ಲ. ಆದ್ದರಿಂದ ಯಾವ ದವಾಖಾನೆಯಲ್ಲಿ ಏನಾಯಿತೆಂದು ಊರು ಹೆಸರಿಸಿ ಹೇಳಲಾರೆ. ನಾಳೆ ಅಲ್ಲಿಯ ಕಂಪೌಂಡರರ ಮಗಳ ಮದುವೆಗೂ ನಾನೇ ಊದಬೇಕು.

ಒಂದು ಕಡೆ ಡಾಕ್ಟರು ಇದ್ದರು, ಕುರ್ಚಿ ಇತ್ತು, ಆದರೆ ಹಲ್ಲು ಕೊರೆಯುವ ಮಷೀನು ರಿಪೇರಿಗೆ ಹೋಗಿತ್ತು. "ತೆಗಿಯೂದಾದ್ರ ಈಗ ತೆಗೀತೇನಿ," ಅಂದರು ಅವರು, ಬಹಳ ಪ್ರೀತಿಯಿಂದ. ಇನ್ನೊಂದು ಕಡೆ ಮಷೀನು ಹೊಸದು, ಕುರ್ಚಿಯ ಮೇಲಿನ ಪ್ಲಾಸ್ಟಿಕ್ಕು ಸಹ ಇನ್ನೂ ಹರಿದಿರಲಿಲ್ಲ, ಆದರೆ ಡಾಕ್ಟರು ವಾರದ ಅರ್ಧ ದಿನಗಳು ಬೇರೆ ತಾಲೂಕಿಗೆ. ಮಂಗಳವಾರ ಬರ್ರಿ ಅಂದರು, ಹೋದೆ. ಅಂದು ಟ್ರೇನಿಂಗು. ಬೆಳಗಾವಿಯ ದೊಡ್ಡ ದವಾಖಾನೆಗೆ ಹೋಗ್ರಿ ಎಂದು ಎಲ್ಲರೂ ಹೇಳಿದರು. ಹೋಗಬಹುದು, ಆದರೆ ಒಂದು ಹಲ್ಲಿಗೆ ನಾಲ್ಕಾರು ಸಲ ಹೋಗಬೇಕು. ಸಲಕ್ಕೊಂದು ದಿನದ ದುಡಿಮೆ ಬಸ್ಸಿನಲ್ಲೇ ಕಳೆದರೆ ಹಲ್ಲು ಉಳಿದರೂ ಕಚ್ಚಲು ಏನೂ ಇರುವುದಿಲ್ಲ.

ಆ ಟ್ರೇನಿಂಗಿನ ದಿನ ಬೆಂಚಿನ ಮೇಲೆ ನನ್ನ ಪಕ್ಕ ಉಗರಗೋಳದ ಒಬ್ಬ ಅಜ್ಜ ಕೂತಿದ್ದ. ಗುಡ್ಡದ ದೇವಿಯ ದರ್ಶನಕ್ಕೆ ಬರುವ ಮಂದಿಗೆ ಕುಂಕುಮ ಭಂಡಾರ ಮಾರುವವನು. ನನ್ನ ಕಷ್ಟವನ್ನೆಲ್ಲ ಕೇಳಿ ಬಾಯಿ ಅಗಲಿಸಿ ತೋರಿಸಿದ. ಒಳಗೆ ಒಂದೂ ಇರಲಿಲ್ಲ.

"ಒಂದೊಂದ ನೋಯಾಕತ್ತಿದಂಗ ಒಂದೊಂದ ತೆಗಿಸಿದೆ ನೋಡ ತಮ್ಮಾ," ಅಂದ. "ಈಗ ಆರಾಮ ಅದೀನಿ. ನೀ ಒಂದಕ್ಕ ಇಷ್ಟ ಒದ್ದಾಡಾಕತ್ತಿ."

ಕೀಳಿಸಲು ಈ ಸೀಮೆಯಲ್ಲಿ ಯಾರಿಗೂ ತೊಂದರೆ ಇಲ್ಲ. ತಾಲೂಕಿಗೊಂದು ಇಕ್ಕಳ ಸದಾ ಸಿದ್ಧವಾಗಿದೆ, ಅದೂ ಪುಕ್ಕಟೆ. ಉಳಿಸಬೇಕು ಅಂದವನೇ ಕೆಟ್ಟ. ಉಳಿಸಬೇಕು ಎಂದ ಕೂಡಲೇ ಎಲ್ಲರೂ ನನ್ನನ್ನು ಸೊಕ್ಕಿನವನ ಹಾಗೆ ನೋಡತೊಡಗಿದರು. ನನಗೂ ಹಟ ಬಂತು. ಆ ನಡುವೆ ವಾದ್ಯದ ಬಾಯಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಅಂಟಿಸಿ ಊದುತ್ತಿದ್ದೆ. ನೋವು ತುಸು ತಗ್ಗಿತು, ಆದರೆ ನಾನು ಊದಿದ ಪ್ರತಿ ಹಾಡಿಗೂ ಪಂಕ್ಚರ್ ಅಂಗಡಿಯ ವಾಸನೆ ಹತ್ತಿತು.

ಕೊನೆಗೆ ಸಿಕ್ಕದ್ದು ಇನ್ನೊಂದು ಊರಿನ ದವಾಖಾನೆಯ ಡಾಕ್ಟರ್ ಮೇಡಮ್ಮು. ವಯಸ್ಸು ಸಣ್ಣದು, ನಮ್ಮ ಕಡೆಯದೇ ಮಾತು. ಬಾಗಿಲ ಹೊರಗೆ ಬೆಂಚು ತುಂಬಿ, ಗೋಡೆಗುಂಟ ಮಂದಿ ಕೂತಿದ್ದರು. ಎಲ್ಲರ ಗಲ್ಲವೂ ಒಂದು ಕಡೆ ದಪ್ಪ.

"ತೆಗೆಯೋಣೇನ್ರಿ ಕಾಕಾ?" ಅಂದರು ಅವರು.

"ತೆಗಿಸೂದಿದ್ರ ಇಲ್ಲೀತನಕಾ ಬರತಿದ್ದಿಲ್ರಿ ಮೇಡಮ್ಮ. ಉಳಿಸೂದೈತಿ."

"ಇದೊಂದು ಹಲ್ಲಿಗೆ ಯಾಕ ಇಷ್ಟ ಜೀವಾ ತೇಯ್ತೀರಿ?"

ಬಾಯಿಂದ ಹೇಳಿದರೆ ತಿಳಿಯುವ ಮಾತಲ್ಲ. ಅಂದು ಸಾಯಂಕಾಲ ಸಿರಸಂಗಿಯಲ್ಲಿ ಒಂದು ಸುಪಾರಿ ಇತ್ತು. ಸುಪಾರಿ ಎಂದರೆ ನಮ್ಮ ಕಸುಬಿನಲ್ಲಿ ಬುಕಿಂಗು, ಸಿನಿಮಾದವರ ಸುಪಾರಿ ಅಲ್ಲ. ಹಾಗಾಗಿ ವಾದ್ಯ ಚೀಲದಲ್ಲೇ ಇತ್ತು. ತೆಗೆದು, ಜೋಡಿಸಿ, ಆ ಕುರ್ಚಿಯಲ್ಲೇ ಕೂತು ಊದಿದೆ. ಏನು ಊದಬೇಕೆಂದು ಯೋಚಿಸಿರಲಿಲ್ಲ. ಅಭ್ಯಾಸಬಲ, ಬೆರಳುಗಳು ತಾವಾಗಿಯೇ ಮುಹೂರ್ತಕ್ಕೆ ಅಕ್ಷತೆ ಬೀಳುವ ಹೊತ್ತಿನ ಹಾಡಿಗೆ ಹೋದವು. ಮೇಡಮ್ಮು ಬಗ್ಗಿ, ಟಾರ್ಚ್ ಹಿಡಿದು, ಹಲ್ಲು ವಾದ್ಯದ ಮೇಲೆ ಹೇಗೆ ಕೂರುತ್ತದೆಂದು ನೋಡುತ್ತಿದ್ದರು. ಹೊರಗೆ ಪಾಳಿಯಲ್ಲಿದ್ದ ಒಬ್ಬ ಅಜ್ಜಿ ಗಲ್ಲಕ್ಕೆ ಕಟ್ಟಿದ ಅರಿವೆ ಸರಿಸಿ, "ಅಕ್ಕಿಕಾಳ ಬಿದ್ವೇನು? ಊಟಾ ಯಾವ ಕಡೆ ಐತಿ?" ಎಂದು ಕೇಳಿದಳಂತೆ. ಪಾಳಿಯೆಲ್ಲ ನಕ್ಕಿತು, ನಕ್ಕು ಮತ್ತೆ ಗಲ್ಲ ಹಿಡಿದುಕೊಂಡಿತು.

ಮೇಡಮ್ಮು ನಗಲಿಲ್ಲ. ಟಾರ್ಚ್ ಆರಿಸಿ, "ಸಾಮಾನು ಐತ್ರಿ ಕಾಕಾ, ಮಷೀನು ಐತಿ," ಅಂದರು. "ಟೈಮ್ ಇಲ್ಲ. ಬೇರು ಸ್ವಚ್ಛ ಮಾಡಾಕ ಒಂದ ಸಲಕ್ಕ ತಾಸಿನ ಮ್ಯಾಲೆ ಬೇಕು. ಹೊರಗ ನೋಡ್ರಿ. ಅವರನ್ನೆಲ್ಲಾ ಏನಂತ ಕುಂದರಸಲಿ?"

ಬಾಗಿಲಿನಿಂದ ನೋಡಿದೆ. ಅವರ ಮಾತು ಸರಿ ಇತ್ತು. ನೋವಿನಿಂದ ಒದ್ದಾಡುವ ಅಷ್ಟು ಮಂದಿಯನ್ನು ನನ್ನ ಒಂದು ಹಾಡಿಗಾಗಿ ಕಾಯಿಸು ಎನ್ನಲು ನನಗೂ ಬಾಯಿ ಬರಲಿಲ್ಲ. ಸುಮ್ಮನೆ, ಏಳುವ ಮುಂಚೆ, "ಮಂದಿ ಬರದ ದಿನಾ ಯಾವುದೂ ಇರೂದಿಲ್ಲೇನ್ರಿ?" ಎಂದು ಕೇಳಿದೆ.

ಪಕ್ಕದಲ್ಲಿದ್ದ ನರ್ಸ್ ಅಕ್ಕ ನಕ್ಕಳು. "ಅಮಾಸಿ ದಿನ ಬರ್ರಿ. ಒಬ್ಬರೂ ಬರೂದಿಲ್ಲ. ನೊಣಾ ಹೊಡಕೋತ ಕುಂತಿರತೇವಿ."

ಅದು ನಿಜ. ನಮ್ಮ ಕಡೆ ಎಂಥ ನೋವಿದ್ದರೂ ಅಮಾವಾಸ್ಯೆಯ ದಿನ ಬಾಯೊಳಗೆ ಕಬ್ಬಿಣ ಬಿಟ್ಟುಕೊಳ್ಳುವುದಿಲ್ಲ. ಗಾಯ ಮಾಯುವುದಿಲ್ಲ ಎಂಬ ನಂಬಿಕೆ. ಹಿಂದಿನ ದಿನ ಕೂಗಾಡಿದವರು ಕೂಡ ಆ ಒಂದು ದಿನ ಹಲ್ಲು ಕಚ್ಚಿಕೊಂಡು ಮನೆಯಲ್ಲಿ ಮಲಗುತ್ತಾರೆ. ಅಂದು ಮದುವೆ ಇಲ್ಲ, ಅಂಗಡಿ ಪೂಜೆ ಇಲ್ಲ, ಆದ್ದರಿಂದ ನಮ್ಮ ಬ್ಯಾಂಡಿಗೂ ಸೂಟಿ, ಪೂರಾ ರಜೆ. ಮೇಡಮ್ಮು ನನ್ನ ಮುಖ ನೋಡಿದರು.

"ನಿಮಗ ನಡೀತೈತೇನ್ರಿ? ಆಮ್ಯಾಲೆ ಅಮಾಸಿ ಹೆಸರ ಹೇಳಿ ನನ್ನ ಮ್ಯಾಲೆ ಹಾಕಬಾರದು."

ನಮ್ಮ ಮನೆಯ ಗೋಡೆಯ ಮೇಲೆ ಇರುವುದು ಬುದ್ಧನ ಪಟ. ಅಮಾವಾಸ್ಯೆಗೆ ಹೆದರುವ ರೂಢಿಯನ್ನು ನಮ್ಮಪ್ಪನ ಕಾಲಕ್ಕೇ ಬಿಟ್ಟಿದ್ದೇವೆ. ನಡೆಯುತ್ತದೆ ಅಂದೆ. ಕಂಪನಿಯವರು ಮಾತ್ರ ಹೌಹಾರಿದರು. ಝಾಂಜಿನ ಹಿರಿಯರು ನನ್ನ ಕೈ ಹಿಡಿದು, ಬೇಕಾದರೆ ಪಾಡ್ಯದ ದಿನ ಹೋಗು ಎಂದು ಬೇಡಿಕೊಂಡರು.

ಮೊದಲ ಸಲ ಹೋದದ್ದು ಛಟ್ಟಿ ಅಮಾಸಿಗೆ. ದವಾಖಾನೆಯ ಪಡಸಾಲೆಯಲ್ಲಿ ನಾನು, ನರ್ಸ್ ಅಕ್ಕ, ಒಂದು ಬೆಕ್ಕು. ಮೇಡಮ್ಮು ಅವಸರವಿಲ್ಲದೆ ಹಲ್ಲು ಕೊರೆದು, ಕೀವು ತೆಗೆದು, ಔಷಧ ತುಂಬಿ ಮುಚ್ಚಿದರು. ಎರಡನೆಯದು ಎಳ್ಳ ಅಮಾಸಿ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಜನ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಗಿಡದ ನೆರಳಿಗೆ ಕೂತು ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಪಲ್ಯ ಹೊಡೆಯುವ ಹೊತ್ತಿಗೆ ನಾನು ಬಾಯಿ ತೆರೆದು ತಲೆಯ ಮೇಲಿನ ಛತ್ತು ನೋಡುತ್ತಿದ್ದೆ. ಕೆಲಸ ಮುಗಿದ ಮೇಲೆ ನರ್ಸ್ ಅಕ್ಕ ತನ್ನ ಡಬ್ಬಿಯಿಂದ ಹೋಳಿಗೆ ಕೊಟ್ಟಳು. ತುಟಿ ಜೋಮು ಹಿಡಿದಿತ್ತು, ಹೋಳಿಗೆ ಬಾಯಿಗೆ ಹೋಯಿತೋ ಅಂಗಿಗೆ ಹೋಯಿತೋ ತಿಳಿಯಲಿಲ್ಲ. ಆದರೆ ಆ ಕುರ್ಚಿಯಲ್ಲಿ ಮಲಗಿದಾಗಲೆಲ್ಲ ನನಗೆ ಬಹಳ ಸಮಾಧಾನವಾಗುತ್ತಿತ್ತು. ಯಾರೋ ಒಬ್ಬರು ನನ್ನ ಹಲ್ಲನ್ನು ಹಲ್ಲೆಂದು ನೋಡುತ್ತಿದ್ದರು.

ಮೂರನೆಯದು ಅವರಾತ್ರಿ ಅಮಾಸಿ. ಅಂದು ಸಾಲಿಯ ಮಕ್ಕಳನ್ನೆಲ್ಲ ಟ್ರಿಪ್ಪಿಗೆ ಕರೆದೊಯ್ದಿದ್ದರು, ಅಡುಗೆ ಇರಲಿಲ್ಲ. ಹೆಂಡತಿಯೂ ನನ್ನ ಜೊತೆ ಹೊರಟಳು. ದಾರಿಯುದ್ದಕ್ಕೂ ನಾನು ಬೇರು, ನರ, ಎಕ್ಸ್‌ರೇ ಎಂದು ಅವಳಿಗೆ ಪಾಠ ಹೇಳಿದೆ. ಹಲ್ಲು ಕೀಳಿಸುವುದು ಹೇಡಿಗಳ ಕೆಲಸ ಎಂದೂ ಹೇಳಿದೆ.

ಮೇಡಮ್ಮು ಬೇರು ತುಂಬಿ, ಮೇಲೆ ಗಟ್ಟಿಯಾಗಿ ಮುಚ್ಚಿ, ಇನ್ನು ಊದ್ರಿ ಅಂದರು. ಟೋಪಿ ಮುಂದೆ ಎಂದಾದರೂ ಹಾಕಿಸಿಕೊಂಡರಾಯಿತು, ಸದ್ಯಕ್ಕೆ ಹಲ್ಲು ಹೋಗುವುದಿಲ್ಲ ಅಂದರು. ಊದಿದೆ. ಹಲ್ಲು ಮಿಸುಕಲಿಲ್ಲ. ಖಾಲಿ ಪಡಸಾಲೆಯಲ್ಲಿ ಸ್ವರ ದುಂಡಗೆ ಹೊರಟು ಗೋಡೆಗೆ ಬಡಿದು ತಿರುಗಿ ಬಂತು. ಮಾಘದ ಮದುವೆಗಳು ಎದುರಿಗಿದ್ದವು, ನಾನು ಮುಂದಿನ ಸಾಲಿನಲ್ಲೇ ಇರುತ್ತೇನೆ. ಖುಷಿಗೆ ಕಣ್ಣು ತುಂಬಿ ಬಂದವು.

ಹೆಂಡತಿ ಸೆರಗು ಸರಿಪಡಿಸಿಕೊಂಡು ಎದ್ದಳು. "ಹೆಂಗೂ ಬಂದೇನಿ, ನಂದೂ ಒಂದ ನೋಡಿಬಿಡ್ರಿ ಮೇಡಮ್ಮ."

ಮೇಡಮ್ಮು ಅವಳ ದವಡೆ ಹಲ್ಲನ್ನು ಮೆಲ್ಲಗೆ ತಟ್ಟಿದರು. ಅವಳು ಕುರ್ಚಿಯ ಕೈ ಬಿಗಿಹಿಡಿದಳು.

"ಯಾವಾಗಿಂದ ನೋಯಾಕತ್ತೈತ್ರಿ ಅಕ್ಕಾರ?"

"ಇವರದಕಿಂತ ಮದ್ಲ."

ನನಗೆ ಗೊತ್ತೇ ಇರಲಿಲ್ಲ. "ಹೇಳಬಾರದೇನು?" ಅಂದೆ.

"ಹೇಳಿದ್ರ ಏನ ಮಾಡ್ತಿದ್ರಿ? ಊದಿ ತೋರಸ್ತಿದ್ರೇನು?"

ಮೇಡಮ್ಮು, "ಇದೂ ಉಳೀತೈತ್ರಿ," ಅಂದರು. "ಹಿಂಗ ಮೂರ ಅಮಾಸಿ ಬರ್ರಿ, ನಾ ಮಾಡಿಕೊಡತೇನಿ."

"ಇವರ ಬ್ಯಾಂಡಿಗೆ ಅಮಾಸಿ ಸೂಟಿ ಐತ್ರಿ. ನಮ್ಮ ಒಲಿಗೆ ಅಮಾಸಿ ಇಲ್ಲ, ಹುಣ್ಣಿವಿ ಇಲ್ಲ, ಹುಡುಗ್ರು ದಿನಾ ಉಣತಾವು. ನನ್ನ ಜೋಡಿ ಅಡಗಿ ಮಾಡಾಕಿಗೆ ನಡಾ ಹಿಡದೈತಿ, ಒಬ್ಬಾಕಿನೇ ಬೋಗುಣಿ ಎತ್ತಾಕ ಆಗೂದಿಲ್ಲ. ಇವತ್ತೊಂದಿನ ಬಿಡವು ಸಿಕ್ಕೈತಿ. ತೆಗೆದುಬಿಡ್ರಿ."

"ತೆಗಿಬ್ಯಾಡ್ರಿ," ಅಂದೆ ನಾನು, ಎದ್ದು ನಿಂತು.

"ಹಲ್ಲ ನಂದೋ ನಿಮ್ದೋ?" ಅಂದಳು. ಸಿಟ್ಟಿರಲಿಲ್ಲ, ನಗುತ್ತಲೇ ಅಂದಳು. "ನಿಮ್ದು ನಾಕ ಮಂದಿ ಮುಂದ ಬೇಕಾಗೂ ಹಲ್ಲು. ನಂದು ರೊಟ್ಟಿ ತಿನ್ನೂದು. ಇನ್ನೊಂದು ಕಡೆ ತಿಂತೇನಿ."

ಮೇಡಮ್ಮು ನನ್ನ ಕಡೆ ನೋಡಿದರು. ಎಲ್ಲ ದವಾಖಾನೆಗಳಲ್ಲೂ ಹಲ್ಲಿನ ಪರವಾಗಿ ವಾದ ಮಾಡಿ ಬಂದವನು ನಾನು. ನರ್ಸ್ ಅಕ್ಕ ಸೂಜಿ ತುಂಬಿದಳು. ನಾನು ಹೊರಗೆ ಬಂದು ಖಾಲಿ ಬೆಂಚಿನ ಮೇಲೆ ಕೂತೆ. ಯಾರ ಮೇಲೋ ಬಹಳ ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅರಳೆ ಕಚ್ಚಿಕೊಂಡಿದ್ದರಿಂದ ಮಾತಾಡುವ ಹಾಗಿರಲಿಲ್ಲ. ನಾನು ಮಾತಾಡಬಹುದಿತ್ತು. ಬೈಲಹೊಂಗಲ ಬರುವವರೆಗೂ ನಾಲಿಗೆಯಿಂದ ನನ್ನ ಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತ ಕೂತೆ.