ಸ್ಲರಿ ಟ್ಯಾಂಕಿನ ಬಾಯಿಗೆ ಅಡ್ಡ ಕುಳಿತದ್ದು

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಖಾಸಗಿ ವಿದ್ಯುತ್ ಘಟಕದಲ್ಲಿ ಬಾಯ್ಲರ್ ಎಂಜಿನಿಯರ್ ಆಗಿದ್ದೆ. ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ದಿನಾ ಕಂಪನಿಯ ಜೀಪಿನಲ್ಲಿ ಹೋಗಿ ಬರುತ್ತಿದ್ದೆ. ಹಳೆಯ ಬಾಯ್ಲರೊಂದಕ್ಕೆ ಎಣ್ಣೆಯ ಬದಲು ಕಲ್ಲಿದ್ದಲು–ನೀರಿನ ಸ್ಲರಿ ಉಣಿಸಿ ವಿದ್ಯುತ್ ತಯಾರಿಸುವ ಪ್ರಯೋಗ ಅಲ್ಲಿ ನಡೆದಿತ್ತು. ಅದರ ಹೊಣೆ ನನ್ನದು.

ಕಲ್ಲಿದ್ದಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ನೀರಿನಲ್ಲಿ ಕಲಸಿದರೆ ಸ್ಲರಿ. ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಕಲ್ಲಿದ್ದಲು, ಉಳಿದದ್ದು ನೀರು, ಪುಡಿ ತಳ ಸೇರದಿರಲೆಂದು ಚೂರು ರಾಸಾಯನಿಕ. ಗಟ್ಟಿ ಅಂಬಲಿಯಂಥ ಅದನ್ನು ಪಂಪಿನಿಂದ ಒತ್ತಿ, ನಾಝಲ್ ಮೂಲಕ ತುಂತುರು ಮಾಡಿ ಬಾಯ್ಲರಿನೊಳಗೆ ಸಿಂಪಡಿಸುತ್ತೇವೆ. ಒಳಗಿನ ಕಾವಿಗೆ ಮೊದಲು ನೀರು ಆವಿಯಾಗುತ್ತದೆ, ಆಮೇಲೆ ಕಲ್ಲಿದ್ದಲು ಹೊತ್ತಿಕೊಳ್ಳುತ್ತದೆ. ಆದರೆ ಟ್ಯಾಂಕಿನಲ್ಲಿ ಅದನ್ನು ಸದಾ ಕಲಕುತ್ತಿರಬೇಕು. ಕಲಕುವ ಯಂತ್ರ ನಿಂತರೆ ಪುಡಿಯೆಲ್ಲ ತಳಕ್ಕಿಳಿದು ಗಟ್ಟಿಯಾಗುತ್ತದೆ.

ಒಂದು ವಾರದ ಕೊನೆಗೆ ನಮ್ಮಲ್ಲೂ ಹಾಗೇ ಆಯಿತು. ಮೇಲಿನ ಸ್ಲರಿಯನ್ನು ಹೊರತೆಗೆದು, ಟ್ಯಾಂಕ್ ಮುಚ್ಚಿ, ಸೋಮವಾರ ತಳ ಕೆರೆಯುವುದೆಂದು ನಿಶ್ಚಯಿಸಿದೆವು.

ಪಂಪ್ ಆಪರೇಟರ್ ದಸ್ತಗೀರ್ ಮತ್ತು ಅವನ ತಮ್ಮ ರಜಾಕ್ ಇಬ್ರಾಹಿಂಪುರದವರು. ದಸ್ತಗೀರ್ ಕೆಲಸದಲ್ಲಿ ಚುರುಕು. ಪೈಪಿನ ಮೇಲೆ ಕೈಯಿಟ್ಟು, “ಇವತ್ತ ಸ್ಲರಿ ಸಿಟ್ಟಿನ್ಯಾಗ ಐತ್ರಿ ಮೇಡಂ” ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಟ್ಯಾಂಕಿನ ಮಗ್ಗುಲಲ್ಲಿ ಆಳು ನುಸುಳುವಷ್ಟೇ ಇದ್ದ ಬಾಯಿ, ಮ್ಯಾನ್‌ಹೋಲ್, ಬಿಚ್ಚಿಸಿದೆ. ಬ್ಲೋವರ್ ಹಚ್ಚಿ ಒಳಗೆ ಗಾಳಿ ತುಂಬಿಸಿ, ಆಕ್ಸಿಜನ್ ಮೀಟರ್ ನೋಡಿದ ಮೇಲೆಯೇ ಇಳಿಯಬೇಕೆಂದು ಇಬ್ಬರಿಗೂ ಹೇಳಿ ಮೀಟರ್ ತರಲು ಹೋದೆ. ಒದ್ದೆ ಕಲ್ಲಿದ್ದಲು ಮುಚ್ಚಿದ ಜಾಗದ ಆಕ್ಸಿಜನ್ನನ್ನು ನಿಧಾನವಾಗಿ ತಿಂದುಬಿಡುತ್ತದೆ. ವಾಸನೆಯಿಲ್ಲ, ಹೊಗೆಯಿಲ್ಲ. ಒಳಹೊಕ್ಕವನಿಗೆ ಏನಾಯಿತೆಂದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಮೀಟರ್ ಹಿಡಿದು ಹೊರಬರುವಾಗ ರಜಾಕ್ ಕೂಗುತ್ತಿದ್ದ.

“ಮೇಡಂ, ಅಣ್ಣ ಒಳಗ ಬಿದ್ದಾನ್ರಿ! ಕರದ್ರ ಓ ಅನವಲ್ಲ!”

ಬ್ಲೋವರ್ ಜೋಡಿಸುವಷ್ಟರಲ್ಲಿ ತಳ ಎಷ್ಟು ಗಟ್ಟಿಯಾಗಿದೆ ನೋಡಿ ಬರುತ್ತೇನೆಂದು ದಸ್ತಗೀರ್ ಇಳಿದಿದ್ದನಂತೆ. ಟಾರ್ಚ್ ಬಿಟ್ಟು ನೋಡಿದೆ. ಕರಿ ಕೆಸರಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಒಂದು ಚಪ್ಪಲಿ ಕಳಚಿತ್ತು.

ಉಸಿರಾಟದ ಸಿಲಿಂಡರು, ಮುಖವಾಡ ಇದ್ದದ್ದು ದೂರದ ಮುಖ್ಯ ಘಟಕದ ಅಗ್ನಿಶಾಮಕ ಕೋಣೆಯಲ್ಲಿ. ಫೋನ್ ಮಾಡಿದೆ. ಬ್ಲೋವರಿನ ಪೈಪನ್ನು ಒಳಗೆ ತುರುಕಿ ಗಾಳಿ ಬಿಟ್ಟೆ. ಅಷ್ಟರಲ್ಲಿ ರಜಾಕ್ ಅಂಗಿ ಬಿಚ್ಚಿ ಒಳನುಗ್ಗಲು ಬಂದ. ನಾನು ಮ್ಯಾನ್‌ಹೋಲಿಗೆ ಬೆನ್ನು ಕೊಟ್ಟು ಅಡ್ಡ ಕುಳಿತುಬಿಟ್ಟೆ.

“ಸರೀರಿ ಮೇಡಂ.”

“ಒಳಗ ಗಾಳಿ ಇಲ್ಲಪ್ಪ. ನೀ ಹೋದ್ರ ನೀನೂ ಬೀಳ್ತಿ.”

“ಉಸಿರು ಬಿಗಿ ಹಿಡಿದು ಹೋಗ್ತೀನ್ರಿ. ಸರೀರಿ!”

ನಾನು ಗಂಡಸಾಗಿದ್ದರೆ ಎಳೆದು ಒಗೆಯುತ್ತಿದ್ದ. ಅವನ ಕೈ ನನ್ನ ಭುಜದ ತನಕ ಬಂದು ನಿಂತಿತು. ಆಮೇಲೆ ನೆಲಕ್ಕೆ ಕುಸಿದು ಕೇಳಿದ:

“ನಿಮ್ಮ ತಮ್ಮ ಒಳಗಿದ್ರ ಹಿಂಗ ಕುಂಡ್ರತಿದ್ರೇನ್ರಿ?”

“ಕುಂಡ್ರತಿದ್ದೆ” ಅಂದೆ. ಅದು ನಿಜವೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಬೆನ್ನ ಹಿಂದೆ ದಸ್ತಗೀರ್ ಇದ್ದ. ನಾನು ತಿರುಗಿ ನೋಡಲಿಲ್ಲ. ಮುಖ್ಯ ಘಟಕದಿಂದ ಜೀಪು ಬಂತು. ಮುಖವಾಡ ತೊಟ್ಟ ಇಬ್ಬರು ಒಳಹೋಗಿ ಅವನನ್ನು ಹೊರತಂದರು. ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಜೀವ ಹೋಗಿದೆ ಎಂದರು. ರಜಾಕ್ ಬರಿಮೈಯಲ್ಲೇ ನಿಂತಿದ್ದ. ಯಾರೋ ಅವನಿಗೆ ಟವೆಲ್ ಹೊದಿಸಿದರು.

ಮನೆಗೆ ಬಂದು ಸೀರೆ ನೆನೆಹಾಕಿದೆ. ಕರಿ ನೀರು ಬಿಟ್ಟುಕೊಂಡಿತು. ಚೆಲ್ಲಿ, ಮತ್ತೆ ನೀರು ಹಾಕಿದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಊಟ ಮಾಡಿದೆ. ಮರುದಿನ ಕೆಲಸಕ್ಕೆ ಹೋದೆ. ತನಿಖೆಗೆ ಬಂದ ಅಧಿಕಾರಿ ನನ್ನನ್ನು ಹೊಗಳಿ, ಇಂಥ ಕಡೆ ಎರಡನೆಯ ಸಾವು ಸಾಮಾನ್ಯ, ಅದನ್ನು ನೀವು ತಡೆದಿರಿ ಎಂದರು. ಬೇರೆ ಯಾರದೋ ವಿಷಯ ಕೇಳಿದಂತೆ ಕೇಳಿಸಿಕೊಂಡೆ. ಕೆಲವು ತಿಂಗಳಲ್ಲಿ ಪ್ರಯೋಗ ನಿಂತಿತು. ಆಗಲೂ ಏನೂ ಅನ್ನಿಸಲಿಲ್ಲ.

ಒಮ್ಮೆ ಇಬ್ರಾಹಿಂಪುರದ ಅವರ ಮನೆಗೆ ಹೋದೆ. ತಾಯಿ ಚಾಪೆ ಹಾಸಿ, “ಕುಂಡ್ರಿ ಬೇ, ಚಾ ಕುಡೀರಿ” ಎಂದಳು. ಒಳಗಿದ್ದ ರಜಾಕ್ ನನ್ನ ದನಿ ಕೇಳಿ ಹಿತ್ತಲ ಬಾಗಿಲಿನಿಂದ ಹೊರಟುಹೋದ. ತಾಯಿ ಆ ಕಡೆ ನೋಡಿದಳು. ಚಹಾ ಕುಡಿದು ಎದ್ದೆ.

ಈಗ ತರಬೇತಿಗೆ ಬರುವ ಹೊಸಬರಿಗೆ ಪಾಠ ಹೇಳುವಾಗ ಮೀಟರ್, ಬ್ಲೋವರ್ ಎಲ್ಲ ಹೇಳುತ್ತೇನೆ. ಕೊನೆಗೆ ಇನ್ನೊಂದು ಮಾತು ಹೇಳುತ್ತೇನೆ: ಒಬ್ಬ ಬಿದ್ದಾಗ ಟ್ಯಾಂಕಿನ ಬಾಯಿಗೆ ಅಡ್ಡ ಕುಳಿತುಕೊಳ್ಳಿ, ಯಾರ ಕೃತಜ್ಞತೆಯನ್ನೂ ನಿರೀಕ್ಷಿಸಬೇಡಿ. ರಜಾಕ್ ಇವತ್ತಿಗೂ ನನ್ನನ್ನು ಮಾತನಾಡಿಸುವುದಿಲ್ಲ. ಮಾತನಾಡಿಸದಿರಲು ಅವನು ಬದುಕಿದ್ದಾನೆ.