ಸೈನಿಕರಿಗೆ ರಿಯಾಯಿತಿ, ಹೆಂಡತಿಗೆ ಹಲ್ಲುನೋವು

ನಂತೂರಿನ ಬಳಿಯ ದಂತ ಚಿಕಿತ್ಸಾಲಯವೊಂದರಲ್ಲಿ ನನಗೆ ಸಂಬಳ ಕೊಡುತ್ತಿದ್ದುದು ಮುಖ್ಯವಾಗಿ ‘ಆಗುವುದಿಲ್ಲ’ ಎನ್ನುವುದಕ್ಕೆ. ಗೋಡೆಯ ಮೇಲೆ ‘ಸೈನಿಕ ಕುಟುಂಬಗಳಿಗೆ ಅರ್ಧ ದರ’ ಎಂಬ ದೊಡ್ಡ ಫಲಕವಿತ್ತು. ಸೈನಿಕರೇ ಖುದ್ದಾಗಿ ಹಾಜರಿರಬೇಕೆಂಬ ಷರತ್ತನ್ನು ಹೇಳುವ ಕೆಲಸ ನನ್ನದಾಗಿತ್ತು.

ಒಂದು ಬೆಳಿಗ್ಗೆ ಕುಲಶೇಖರದಿಂದ ಸೈನಿಕರೊಬ್ಬರ ಹೆಂಡತಿ ಊದಿದ ಕೆನ್ನೆಯನ್ನು ಹಿಡಿದುಕೊಂಡು ಬಂದರು. ರೂಟ್ ಕೆನಾಲ್ ಮಾಡಿದರೆ ಅವರ ದವಡೆಹಲ್ಲು ಉಳಿಯುತ್ತಿತ್ತು, ಆದರೆ ಪೂರ್ತಿ ದರ ಅವರಿಗೆ ಭಾರವಾಗಿತ್ತು. ಸೇನೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಆ ಆಸ್ಪತ್ರೆ ಇದ್ದುದು ದೂರದ ಊರಿನಲ್ಲಿ.

ನಾನು ಷರತ್ತನ್ನು ಪಾಠದಂತೆ ಹೇಳಿದೆ.

“ಗಂಡ ಜಮ್ಮುವಿನಲ್ಲಿ ಇದ್ದಾರೆ ಮಾರಾಯ್ರೆ. ಹಲ್ಲುನೋವು ನನಗಲ್ವಾ?”

“ನಿಯಮ ಹಾಗೆ ಉಂಟು.”

“ಹಲ್ಲು ಕೀಳಿಸುವುದಕ್ಕೂ ಅವರು ಬರಬೇಕಾ?”

“ಬೇಡ. ಅದಕ್ಕೆ ಖರ್ಚು ಕಡಿಮೆ.”

“ಹಾಗಾದ್ರೆ ಕಿತ್ತೇ ಬಿಡಿ.”

ನಾನು ಒಳಗೆ ಹೋಗಿ, ಸೈನಿಕರ ಹಾಜರಿ ಯಾವ ಚಿಕಿತ್ಸೆಗೆ ಬೇಕೆಂದು ಮಾಲೀಕರಾದ ಡಾಕ್ಟರನ್ನು ಅತ್ಯಂತ ವಿನಯದಿಂದ ಕೇಳಿದೆ.

“ಫೋಟೋಕ್ಕೆ ಮಾರಾಯ. ಯೂನಿಫಾರ್ಮ್ ಇಲ್ಲದೆ ಜಾಹೀರಾತು ಎಂತ ಮಾಡುವುದು?”

ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಆಕೆ ಅಲ್ಲಿಂದಲೇ ಗಂಡನಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಡಾಕ್ಟರ ಕೈಗಿತ್ತರು. ಸಮವಸ್ತ್ರದಲ್ಲಿದ್ದ ಗಂಡ, ಬಿಳಿ ಕೋಟು ಕಂಡೊಡನೆ ಅಭ್ಯಾಸಬಲದಿಂದ ಬಾಯಿ ತೆರೆದರು.

“ನಿಮ್ಮದಲ್ಲ, ಮುಚ್ಚಿ,” ಎಂದರು ಹೆಂಡತಿ.

ಅರ್ಧ ದರದಲ್ಲಿ ಹಲ್ಲು ಉಳಿಯಿತು. ಆ ಫೋಟೋ ಈಗಲೂ ಫಲಕದ ಪಕ್ಕದಲ್ಲಿದೆ: ನಗುವ ಡಾಕ್ಟರು, ಅವರ ಕೈಯಲ್ಲಿ ಫೋನು, ಫೋನಿನಲ್ಲಿ ಸಮವಸ್ತ್ರ. ಕೆನ್ನೆ ಊದಿರುವುದು ಜಾಹೀರಾತಿಗೆ ಒಪ್ಪುವುದಿಲ್ಲವೆಂದು ಆಕೆಯನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿದ್ದರು.