ಯಂತ್ರಕ್ಕೆ ಬಂದ ಭುಜನೋವು

ಪಿಂಗಾಣಿ ಕಾರ್ಖಾನೆಯವರಿಗೆಲ್ಲ ಅವಳು ಟಣ್ಣಕ್ಕ. ಕುಲುಮೆಯಿಂದ ಬಂದ ಕಪ್ಪನ್ನು ಎಡಗೈಯ ಮೂರು ಬೆರಳ ಮೇಲೆ ಕೂರಿಸಿ, ಬಲಗೈಯ ಮರದ ಕಡ್ಡಿಯಿಂದ ಒಂದೇ ಒಂದು ಸಲ ತಟ್ಟುವುದು ಅವಳ ಕೆಲಸ. ಟಣ್ ಅಂದರೆ ತಟ್ಟೆಗೆ, ಟಪ್ ಅಂದರೆ ಬಿರುಕು, ತೊಟ್ಟಿಗೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ತಾನೇ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷ ಕಪ್ಪು ತಟ್ಟಿಯೂ ಸರ್ವಿಸಿನಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ.

ಚುಕ್ಕೆ ಇದ್ದದ್ದು ಭುಜದಲ್ಲಿ. ಇಪ್ಪತ್ತನಾಲ್ಕು ಕಪ್ಪು ತುಂಬಿದ ತಟ್ಟೆಯನ್ನು ತಟ್ಟಿದವರೇ ಎತ್ತಿ ತಲೆಮಟ್ಟದ ಕಪಾಟಿಗೆ ಸೇರಿಸಬೇಕು. ಎತ್ತಲಾಗದವರು ವೈದ್ಯರ ಕೊಠಡಿಗೆ, ಅಲ್ಲಿಂದ ನೇರ ಮನೆಗೆ, ಕಾರ್ಖಾನೆಯ ನಿಯಮ. ಮೂರು ವರ್ಷದಿಂದ ಟಣ್ಣಕ್ಕನ ಬಲಭುಜ ಬಾಗಿಲ ತುಕ್ಕುಹಿಡಿದ ಕೀಲಿನ ಹಾಗೆ ಕಿರ್ರೆನ್ನುತ್ತಿತ್ತು. ನಿವೃತ್ತಿಗೆ ಇನ್ನೂ ಆರು ವರ್ಷ. ಹಾಗಾಗಿ ಅವಳೊಂದು ಉಪಾಯ ಕಂಡುಕೊಂಡಿದ್ದಳು: ಅರ್ಧ ತಿರುಗಿ ತಟ್ಟೆಯ ಅಡಿಗೆ ಸೊಂಟ ಕೊಡುವುದು, ಎಡಗೈಯಲ್ಲಿ ಮೇಲಕ್ಕೆ ತಳ್ಳುವುದು, ಆಮೇಲೆ ನೋವು ಇಳಿಯುವ ತನಕ ಕಪಾಟನ್ನೇ ಪರೀಕ್ಷಿಸುವವಳಂತೆ ಮೂರು ಎಣಿಸುವುದು. ಗುಟ್ಟು ಗೊತ್ತಿದ್ದದ್ದು ನಾದಿನಿಗೆ ಮಾತ್ರ. ಕೈ ತಲೆಯ ಹಿಂದಕ್ಕೆ ಹೋಗದ ಅತ್ತಿಗೆಗೆ ದಿನಾ ಬೆಳಗ್ಗೆ ಜಡೆ ಹಾಕುತ್ತಿದ್ದವಳು ಅವಳೇ.

"ಡಾಕ್ಟರ ಹತ್ರ ಹೋಗು ಅತ್ತಿಗೆ."

"ಹೋದರೆ ಭುಜ ಉಳಿಯುತ್ತೆ, ಕೆಲಸ ಹೋಗುತ್ತೆ. ನೀನು ಜಡೆ ಹಾಕು."

ಅಷ್ಟರಲ್ಲಿ ಬಂತು ರೋಬೋಟ್. ಎರಡು ಕಾಲು, ಎರಡು ಕೈ, ಕುಂಬಳಕಾಯಿಯಷ್ಟು ತಲೆ. ಅದರ ಜೊತೆಗೆ ಅದನ್ನು ಮಾರಿದ ಕಂಪನಿಯ ಇಂಜಿನಿಯರ್, ಮೂವತ್ತರ ಹೆಂಗಸು. ಅವಳು ಟಣ್ಣಕ್ಕನಿಗೆ ತಂತಿಗಳ ಜಾಕೆಟ್ಟು ತೊಡಿಸಿದಳು. "ನೀವು ದಿನಾ ಮಾಡೋ ಹಾಗೇ ಮಾಡಿ ಅಕ್ಕಾ. ಜಾಕೆಟ್ಟು ನೋಡ್ಕೊಳ್ಳುತ್ತೆ, ಇದು ಕಲಿತ್ಕೊಳ್ಳುತ್ತೆ."

"ಕಲಿತ ಮೇಲೆ ನಾನೇನು ಮಾಡಲಿ?"

ಇಂಜಿನಿಯರ್ ಜಾಕೆಟ್ಟಿನ ಗುಂಡಿ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

ಮೂರು ವಾರ ಟಣ್ಣಕ್ಕ ತಟ್ಟಿದಳು, ಎತ್ತಿದಳು. ನಾಲ್ಕನೆಯ ವಾರ ರೋಬೋಟ್ ತಟ್ಟೆ ಹಿಡಿಯಿತು. ಅರ್ಧ ತಿರುಗಿತು. ಸೊಂಟ ಕೊಟ್ಟಿತು. ಎಡಗೈಯಲ್ಲಿ ತಳ್ಳಿತು. ಆಮೇಲೆ ಬಲಭುಜ ಇಳಿಬಿಟ್ಟು ಕಪಾಟನ್ನು ದಿಟ್ಟಿಸುತ್ತ ನಿಂತಿತು. ಒಂದು, ಎರಡು, ಮೂರು.

"ಇದಕ್ಕೂ ವಯಸ್ಸಾಯ್ತೇನೋ," ಅಂದ ಸೂಪರ್‌ವೈಸರ್.

ಟಣ್ಣಕ್ಕನ ಎದೆಯಲ್ಲಿ ಟಪ್ ಅಂದಿತು.

ಬಲಗೈಯ ಮೋಟಾರು ಕೆಟ್ಟಿದೆ ಅಂದುಕೊಂಡಳು ಇಂಜಿನಿಯರ್. ಭುಜ ಬಿಚ್ಚಿದಳು, ಮೋಟಾರು ಬದಲಿಸಿದಳು. ಮರುದಿನವೂ ಅದೇ ಸೊಂಟ, ಅದೇ ಮೂರು ಎಣಿಕೆ. ಮತ್ತೆ ಬಿಚ್ಚಿದಳು. ಮೂರನೆಯ ಸಲಕ್ಕೆ ಸೂಪರ್‌ವೈಸರ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ: "ಸೋಮವಾರದೊಳಗೆ ಸರಿಹೋಗದಿದ್ರೆ ವಾಪಸ್ ಕಳಿಸ್ತೀವಿ. ಯಂತ್ರಾನೂ, ನಿಮ್ಮನ್ನೂ."

ಟಣ್ಣಕ್ಕ ತುಟಿ ಹೊಲಿದುಕೊಂಡು ಕೂತರೆ ಸಾಕಿತ್ತು. ಯಂತ್ರ ಹೋಗುತ್ತದೆ, ಕೆಲಸ ಉಳಿಯುತ್ತದೆ. ಆದರೆ ಉಳಿಯುವ ಕೆಲಸದೊಳಗೇ ಆ ತಟ್ಟೆಯೂ ಇತ್ತಲ್ಲ, ಇನ್ನು ಆರು ವರ್ಷ. ಬಾಯಿ ಬಿಟ್ಟರೆ ವೈದ್ಯರ ಕೊಠಡಿ. ಅತ್ತ ದರಿ, ಇತ್ತ ಪುಲಿ, ನಡುವೆ ರೋಬೋಟ್.

ಶನಿವಾರ ಊಟದ ಬಿಡುವಿನಲ್ಲಿ ಇಂಜಿನಿಯರ್ ನಾಲ್ಕನೆಯ ಸಲ ತಿರುಪುಳಿ ಹಿಡಿದಳು. ಕಣ್ಣು ಕೆಂಪಗಾಗಿತ್ತು. ಯಂತ್ರ ಭುಜ ಒಡ್ಡಿಕೊಂಡು ತೆಪ್ಪಗೆ ಕೂತಿತ್ತು, ಜಡೆಗಾಗಿ ಟಣ್ಣಕ್ಕ ನಾದಿನಿಯ ಮುಂದೆ ಕೂರುವ ಹಾಗೆಯೇ. ಅವಳಿಗೆ ತಡೆಯಲಾಗಲಿಲ್ಲ.

"ಬಿಡಮ್ಮಾ ಅದನ್ನ. ನೋವು ಅದರದ್ದಲ್ಲ. ನಂದು."

ಇಂಜಿನಿಯರ್ ತಲೆಯೆತ್ತಿ ನೋಡಿದಳು. ಟಣ್ಣಕ್ಕ ಖಾಲಿ ತಟ್ಟೆ ಎತ್ತಿ ತೋರಿಸಿದಳು: ತಿರುವು, ಸೊಂಟ, ತಳ್ಳು, ಮೂರು ಎಣಿಕೆ. ಇಂಜಿನಿಯರ್ ನೆಲದ ಮೇಲೆ ಕೂತುಬಿಟ್ಟಳು. "ಚೆನ್ನಾಗಿರೋ ಮೂರು ಮೋಟಾರು ಬಿಸಾಕಿದೀನಿ ಅಕ್ಕಾ," ಅಂದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ.

ಸೋಮವಾರ ಲಾರಿಗೆ ಪೆಟ್ಟಿಗೆ ತುಂಬುವ ದಾಂಡಿಗನೊಬ್ಬ ಜಾಕೆಟ್ಟು ತೊಟ್ಟು ತಟ್ಟೆ ಎತ್ತಿದ. ಬುಧವಾರದ ಹೊತ್ತಿಗೆ ರೋಬೋಟ್ ನಿಲ್ಲದೆ ಎತ್ತತೊಡಗಿತು. ತಟ್ಟುವುದು ಮಾತ್ರ ಅದಕ್ಕೆ ಒಗ್ಗಲಿಲ್ಲ. ಫ್ಯಾನುಗಳ ಗದ್ದಲದಲ್ಲಿ ಒಳ್ಳೆಯ ಕಪ್ಪುಗಳನ್ನೂ ತೊಟ್ಟಿಗೆ ಹಾಕುತ್ತಿತ್ತು. ತಿಂಗಳಿಗೊಂದು ಹೊಸ ಆಕಾರ ಬಂದರಂತೂ ಕಿವಿಯ ಪಾಠ ಮೊದಲಿನಿಂದ.

ಇಂಜಿನಿಯರ್ ಕೊಟ್ಟ ವರದಿ ಓದಿ ಟಣ್ಣಕ್ಕನನ್ನು ಮ್ಯಾನೇಜರ್ ಕರೆಸಿದಾಗ ಅವಳು ಡಬ್ಬಿ, ಚಪ್ಪಲಿ ಎಲ್ಲ ಚೀಲಕ್ಕೆ ತುಂಬಿಕೊಂಡೇ ಹೋದಳು.

"ಮೂರು ವರ್ಷ ಮುಚ್ಚಿಟ್ಟಿರಿ."

"ಹೌದು ಸಾರ್."

"ನಿಯಮದ ಪ್ರಕಾರ ತಟ್ಟೆ ಎತ್ತದವರು ಮನೆಗೆ." ಅವರು ಕಾಗದ ತಿರುವಿದರು. "ಆದ್ರೆ ಇನ್ನು ತಟ್ಟೆ ಎತ್ತೋ ಕೆಲಸಾನೇ ಯಾರಿಗೂ ಇಲ್ಲ. ಇಲ್ಲದ ಕೆಲಸ ಆಗಲ್ಲ ಅಂತ ಯಾರನ್ನ ಕಳಿಸ್ಲಿ? ಒಂದು ಕುರ್ಚಿ ತರಿಸ್ತೀನಿ, ಕೂತು ತಟ್ಟಿ. ಮೊದಲು ಡಾಕ್ಟರಿಗೆ ಭುಜ ತೋರಿಸಿ."

ಎಲ್ಲವೂ ಸಿಹಿಯಲ್ಲ. ವರ್ಷದೊಳಗೆ ನಿವೃತ್ತರಾಗುವ ಇಬ್ಬರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲವೆಂದು ಅದೇ ಕಾಗದದ ಕೊನೆಯಲ್ಲಿತ್ತು. ಅದನ್ನೂ ಓದಿಯೇ ಟಣ್ಣಕ್ಕ ಸಹಿ ಹಾಕಿದಳು. ಹೊರಬಂದು ಮೆಟ್ಟಿಲ ಮೇಲೆ ಚೀಲ ಇಳಿಸಿ ಕೂತಾಗ ಮೂರು ವರ್ಷದಿಂದ ಹಿಡಿದಿಟ್ಟ ಉಸಿರು ಒಂದೇ ಸಲಕ್ಕೆ ಹೊರಗೆ ಬಂತು.

ಮೂರು ಎಣಿಸುವುದನ್ನು ರೋಬೋಟಿನಿಂದ ಅಳಿಸಿದ ಇಂಜಿನಿಯರ್ ಸೊಂಟ ಕೊಡುವುದನ್ನು ಹಾಗೇ ಉಳಿಸಿದ್ದಳು. ತಟ್ಟೆ ಜಾರುವುದಿಲ್ಲವಂತೆ.

ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ನಾದಿನಿ ಕೇಳಿದಳು, "ಅಷ್ಟೆಲ್ಲ ಕಲಿಸಿದೀಯಲ್ಲ ಅತ್ತಿಗೆ, ಅದಕ್ಕೆ ಜಡೆ ಹಾಕೋಕೆ ಬರುತ್ತಾ?"

"ಬೇಡ ಬಿಡು. ಆಮೇಲೆ ನಿನ್ನ ಕೆಲಸ ಹೋಗುತ್ತೆ."

ನಾದಿನಿ ಜಡೆಯನ್ನು ಬೇಕಂತಲೇ ಒಂದು ಸಲ ಬಿಗಿಯಾಗಿ ಎಳೆದಳು.